ಹಳದಿ ನಾಯಿ ಹಾಯ್ದ ಊರು

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಮೂರ್‌ಹೆಡ್ ಅಂತ ಒಂದು ಸಣ್ಣ ಊರಿದೆ. ಅಲ್ಲಿ ದೊಡ್ಡ ಯುದ್ಧ ನಡೆದಿಲ್ಲ, ಯಾವ ಒಪ್ಪಂದಕ್ಕೂ ಸಹಿ ಬಿದ್ದಿಲ್ಲ. ಹತ್ತಿಹೊಲಗಳ ನಡುವೆ ಎರಡು ರೈಲುಹಾದಿಗಳು ಒಂದನ್ನೊಂದು ಅಡ್ಡ ಹಾಯ್ದವು, ಅಷ್ಟೆ. ಒಂದು ಪೂರ್ವ ಪಶ್ಚಿಮ, ಇನ್ನೊಂದು ಉತ್ತರ ದಕ್ಷಿಣ. ಕೂಡುವ ಜಾಗದಲ್ಲಿ ಮಗ್ಗಿ ಪುಸ್ತಕದ ಕೂಡಿಸುವ ಗುರುತಿನ ಹಾಗೆ ನೆಟ್ಟಗೆ ಕೂಡಿದವು. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಅಮೆರಿಕದಲ್ಲಿ ವಾಷಿಂಗ್ಟನ್ ಇದ್ದ, ಲಿಂಕನ್ ಇದ್ದ. ಮೂರ್‌ಹೆಡ್ ಇರಲಿಲ್ಲ. ಇರೋದಾದರೂ ಹೇಗೆ? ಆ ಊರನ್ನು ಲೋಕಕ್ಕೆ ಹೇಳಿದವನು ಹರಕು ಬಟ್ಟೆಯ, ತೂತುಬಿದ್ದ ಜೋಡಿನ ಒಬ್ಬ ಕರಿಯ. ಅವನ ಹೆಸರನ್ನು ಕೇಳಿ ಬರೆದಿಟ್ಟುಕೊಂಡವರು ಯಾರೂ ಇಲ್ಲ.

ಹೆಸರು ಉಳಿಸಿಕೊಂಡವರ ಕತೆಯನ್ನು ಬೇಗ ಮುಗಿಸೋಣ. ಮಿಸಿಸಿಪಿ ಮತ್ತು ಯಾಜೂ ನದಿಗಳ ನಡುವಿನ ತಗ್ಗು ಸೀಮೆಗೆ ಅಲ್ಲಿಯವರು ಡೆಲ್ಟಾ ಅನ್ನುತ್ತಾರೆ. ಕಾಡು, ಜೌಗು, ಸೊಳ್ಳೆ, ಅಡಿಯಲ್ಲಿ ಕಪ್ಪು ಮಣ್ಣು. 1880ರ ದಶಕದ ಕೊನೆಗೆ ಜಾರ್ಜಿಯಾ ಪೆಸಿಫಿಕ್ ಎಂಬ ಕಂಪನಿ ಈ ಸೀಮೆಯನ್ನು ಅಡ್ಡಲಾಗಿ ಸೀಳಿ ಗ್ರೀನ್‌ವಿಲ್ ಊರಿನವರೆಗೆ ಹಳಿ ಹಾಕಿತು. 1894ರಲ್ಲಿ ಹುಟ್ಟಿದ ಸದರ್ನ್ ರೈಲ್ವೆ ಅದನ್ನು ನುಂಗಿಕೊಂಡಿತು. 1897ರಲ್ಲಿ ಯಾಜೂ ಡೆಲ್ಟಾ ಅನ್ನೋ ಸಣ್ಣ ಕಂಪನಿ ಮೂರ್‌ಹೆಡ್ಡಿನಿಂದ ಉತ್ತರಕ್ಕೆ, ಸುಮಾರು ಇಪ್ಪತ್ತು ಮೈಲಿ ದೂರದ ರೂಲ್‌ವಿಲ್ಲಿಗೆ, ಒಂದು ಹಾದಿ ಎಳೆಯಿತು. ಆಮೇಲೆ ಅದು ಡ್ರೂ, ಪಾರ್ಚ್‌ಮನ್ ದಾಟಿ ಟಟ್‌ವೈಲರಿನವರೆಗೆ ಬೆಳೆದು, ಇಲಿನಾಯ್ ಸೆಂಟ್ರಲ್ ಎಂಬ ದೊಡ್ಡ ಕಂಪನಿಯ ಹೊಟ್ಟೆಗೆ ಬಿತ್ತು. ಮೂರ್‌ಹೆಡ್ ಊರು ಕಟ್ಟಿದವನು ಚೆಸ್ಟರ್ ಪಾಂಡ್, ತನಗೆ ತಾನೇ ಕೀಲಿ ಕೊಟ್ಟುಕೊಳ್ಳುವ ಗಡಿಯಾರ ಕಂಡುಹಿಡಿದ ಮನುಷ್ಯ. ಇದೆಲ್ಲ ದಾಖಲೆಯಲ್ಲಿ ಸಿಗುತ್ತದೆ.

ಜನ ಈ ಎರಡನೇ ಹಾದಿಯನ್ನು ಕಂಪನಿಯ ಹೆಸರಿನಿಂದ ಕರೆಯಲಿಲ್ಲ. 'ಯೆಲ್ಲೊ ಡಾಗ್' ಅಂದರು, ಹಳದಿ ನಾಯಿ. ಯಾಜೂ ಡೆಲ್ಟಾದ ವೈ, ಡಿ ಎಂಬ ಎರಡು ಅಕ್ಷರಗಳಿಗೆ ಜನರೇ ಕೊಟ್ಟ ಅರ್ಥ ಅದು ಅಂತ ಒಂದು ಮಾತು. ಗಾಡಿ ಬಂದಾಗಲೆಲ್ಲ ಬೊಗಳುತ್ತ ಬೆನ್ನಟ್ಟುತ್ತಿದ್ದ ಒಂದು ನಾಯಿಯಿಂದ ಬಂತು ಅಂತ ಇನ್ನೊಂದು ಮಾತು. ಅಲ್ಲಿನ ಆಡುಮಾತಿನಲ್ಲಿ ಹಳದಿ ನಾಯಿ ಅಂದರೆ ಕೀಳು, ಕೆಲಸಕ್ಕೆ ಬಾರದ್ದು. ನಮಗೆ ಮೊದಲನೆಯ ಮಾತೇ ಸರಿ ಕಾಣುತ್ತದೆ. ಧಣಿಯ ಬೋರ್ಡಿನ ಮೇಲಿನ ಅಕ್ಷರವನ್ನು ಆಳು ತನ್ನ ಬಾಯಿಗೆ ಬೇಕಾದ ಹಾಗೆ ಓದಿಕೊಂಡ. ನಮ್ಮೂರುಗಳಲ್ಲೂ ಗೌಡರಿಗೆ, ಶಾನುಭೋಗರಿಗೆ ಕೇರಿಯೊಳಗೆ ಬೇರೆಯೇ ಹೆಸರುಗಳಿರುತ್ತವಲ್ಲ, ಹಾಗೆ.

ಇನ್ನು ಹಳಿಯ ಕೆಳಗಿನ ಕತೆ. 1865ರಲ್ಲಿ ಅಮೆರಿಕದ ಸಂವಿಧಾನ ಗುಲಾಮಗಿರಿಯನ್ನು ರದ್ದು ಮಾಡಿತು. ಆದರೆ ಅದೇ ತಿದ್ದುಪಡಿಯಲ್ಲಿ ಒಂದು ಕಿಂಡಿ ಬಿಟ್ಟಿತ್ತು: ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳಬಹುದು. ಆ ಕಿಂಡಿಯಲ್ಲಿ ಇಡೀ ದಕ್ಷಿಣ ಸೀಮೆ ತೂರಿತು. ಕೆಲಸವಿಲ್ಲದೆ ತಿರುಗಿದ್ದು ಅಪರಾಧ, ಹಂದಿ ಕದ್ದದ್ದು ಮಹಾಪರಾಧ. ಹಿಡಿದ ಕರಿಯರನ್ನು ಮಿಸಿಸಿಪಿ ಸರ್ಕಾರ ಗುತ್ತಿಗೆಗೆ ಕೊಟ್ಟಿತು. 1868ರಲ್ಲಿ ಎಡ್ಮಂಡ್ ರಿಚರ್ಡ್‌ಸನ್ ಎಂಬ ಹತ್ತಿ ಸಾಹುಕಾರ ಈ ಕೈದಿಗಳನ್ನು ಡೆಲ್ಟಾದ ಹೊಲಗಳಿಗೆ ಕರೆದೊಯ್ದ. ಅವರನ್ನು ಸಾಕುವ ಖರ್ಚಿಗೆ ಅಂತ ಸರ್ಕಾರವೇ ಅವನಿಗೆ ವರ್ಷಕ್ಕೆ 18,000 ಡಾಲರ್ ಕೊಟ್ಟಿತು. ಆಳನ್ನೂ ಕೊಟ್ಟು ಮೇಲೆ ದುಡ್ಡನ್ನೂ ಕೊಟ್ಟ ಸರ್ಕಾರ! ಕೈದಿಗಳ ಬೆವರು ಹತ್ತಿಗೂ ಬಿತ್ತು, ಆ ರಾಜ್ಯದ ರೈಲುಹಾದಿಗಳಿಗೂ ಬಿತ್ತು. 1890ರ ರಾಜ್ಯ ಸಂವಿಧಾನ ಈ ಗುತ್ತಿಗೆಯನ್ನು ನಿಲ್ಲಿಸಲು ಹೇಳಿತು. ಆಮೇಲೆ ಸರ್ಕಾರವೇ ಧಣಿಯಾಯಿತು. 1901ರಲ್ಲಿ ಪಾರ್ಚ್‌ಮನ್ನಿನಲ್ಲಿ ಸಾವಿರಾರು ಎಕರೆ ಕೊಂಡು ಜೈಲನ್ನೇ ಹತ್ತಿಯ ಜಮೀನು ಮಾಡಿತು. ಹಳದಿ ನಾಯಿಯ ಹಾದಿಯಲ್ಲೇ ಆ ಜೈಲು.

ಜೈಲಿನ ಹೊರಗಿದ್ದವರದು ಪಾಲಿನ ಬೇಸಾಯ. ನೆಲ ಧಣಿಯದು, ಬೀಜ ಧಣಿಯದು, ಸಾಮಾನು ತರುವ ಅಂಗಡಿ ಧಣಿಯದು, ಸುಗ್ಗಿಯ ಕೊನೆಗೆ ಲೆಕ್ಕದ ಪುಸ್ತಕವೂ ಧಣಿಯದೇ. ವರ್ಷವಿಡೀ ಬಿಡಿಸಿದ ಹತ್ತಿಯನ್ನು ಕಳೆದರೂ ಸಾಲ ಉಳಿದಿರುತ್ತಿತ್ತು. ಜೀತ ಕಂಡ ಮನೆಗಳಲ್ಲಿ ಹುಟ್ಟಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೈಲಿಗೆ ಹತ್ತ ಹೋದರೆ ಅಲ್ಲೂ ಕಾನೂನು. 1888ರಲ್ಲೇ ಮಿಸಿಸಿಪಿ ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ಬೋಗಿ ಅಂತ ಕಾನೂನು ಮಾಡಿತು. ಪಕ್ಕದ ಲೂಸಿಯಾನಾದಲ್ಲಿ 1892ರಲ್ಲಿ ಹೋಮರ್ ಪ್ಲೆಸ್ಸಿ ಬೇಕೆಂತಲೇ ಬಿಳಿಯರ ಬೋಗಿಯಲ್ಲಿ ಕೂತು ಬಂಧನಕ್ಕೊಳಗಾದ. 1896ರಲ್ಲಿ ಸುಪ್ರೀಂ ಕೋರ್ಟು 'ಬೇರೆಯಾಗಿದ್ದರೂ ಸಮಾನ'ವಾಗಿದ್ದರೆ ತಪ್ಪಿಲ್ಲ ಅಂದಿತು. ಹಳಿ ಒಂದೇ, ಎಂಜಿನ್ನು ಒಂದೇ, ಬೋಗಿ ಬೇರೆ. ಹೋಟ್ಲಿನಲ್ಲಿ ಬೇರೆ ಲೋಟ ಇಟ್ಟವರ ತರ್ಕವೂ ಇದೇ ಅಲ್ಲವೆ?

ಅಷ್ಟಾದರೂ ಆ ಹಾದಿ ಹಾಡಿನಲ್ಲಿ ಬಾಳಿತು. ಹಳಿ ಸರಿದಾಗ ಸಾಲಾಗಿ ನಿಂತು ಹಾರೆ ಹಾಕಿ ಒತ್ತಿ ನೇರ ಮಾಡುವ ಗ್ಯಾಂಗುಗಳು ದಕ್ಷಿಣದಲ್ಲಿ ಬಹುಪಾಲು ಕರಿಯರವು. ಒಬ್ಬ ಪದ ಎತ್ತುತ್ತಿದ್ದ, ಉಳಿದವರು ಆ ಲಯಕ್ಕೆ ಒಟ್ಟಾಗಿ ಒತ್ತುತ್ತಿದ್ದರು. ನಮ್ಮ ಕಡೆ ಗ್ಯಾಂಗಿನವರು 'ಐಸಾ' ಅಂದಾಗ ಹತ್ತು ಕೈ ಒಂದಾಗುವುದನ್ನು ನೋಡಿದವರಿಗೆ ಇದು ಗೊತ್ತು. ಉಸಿರು ಹಂಚಿಕೊಳ್ಳದಿದ್ದರೆ ಕಬ್ಬಿಣ ಕದಲುವುದಿಲ್ಲ.

1903ರ ಸುಮಾರು. ಟಟ್‌ವೈಲರ್ ಟೇಸನ್ನಿನಲ್ಲಿ ಒಬ್ಬ ಬ್ಯಾಂಡ್ ಮೇಷ್ಟ್ರು ತಡವಾದ ಗಾಡಿಗೆ ಕಾದು ತೂಕಡಿಸುತ್ತಿದ್ದ. ಅವನ ಹೆಸರು ಡಬ್ಲ್ಯು. ಸಿ. ಹ್ಯಾಂಡಿ. ಅಲಬಾಮಾದಲ್ಲಿ 1873ರಲ್ಲಿ ಹುಟ್ಟಿದವನು, ಅಪ್ಪ ಅಮ್ಮ ಗುಲಾಮರಾಗಿದ್ದವರು. (ಅದೇ 1873ರಲ್ಲಿ ನಮ್ಮ ಜ್ಯೋತಿಬಾ ಫುಲೆ 'ಗುಲಾಮಗಿರಿ'ಯನ್ನು ಬರೆದು, ಕರಿಯರ ಬಿಡುಗಡೆಗೆ ಹೆಣಗಿದ ಅಮೆರಿಕದ ಜನರಿಗೆ ಅರ್ಪಿಸಿದರು. ಪುಣೆಯಲ್ಲಿ ಕೂತವರಿಗೆ ಆ ಸೀಮೆ ದೂರವೆನಿಸಿರಲಿಲ್ಲ.) ಓದು ಬಲ್ಲ, ಸ್ವರಲಿಪಿ ಬಲ್ಲ ಹ್ಯಾಂಡಿಗೆ ಎಚ್ಚರವಾದಾಗ ಪಕ್ಕದಲ್ಲಿ ಒಬ್ಬ ತೆಳ್ಳನೆಯ ಕರಿಯ ಗಿಟಾರ್ ನುಡಿಸುತ್ತಿದ್ದ. ತಂತಿಯ ಮೇಲೆ ಬೆರಳಿನ ಬದಲು ಚಾಕು ಒತ್ತಿ ಜಾರಿಸುತ್ತಿದ್ದ. ಅಂಥ ವಿಚಿತ್ರ ಸಂಗೀತವನ್ನು ತಾನು ಕೇಳಿಯೇ ಇರಲಿಲ್ಲ ಅಂತ ಹ್ಯಾಂಡಿ 1941ರ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾನೆ. ಹಾಡಿದ್ದು ಒಂದೇ ಸಾಲು, ಮೂರು ಸಲ: ಆ ಎರಡು ಹಳಿ ಕೂಡುವ ಜಾಗಕ್ಕೆ ಹೋಗುತ್ತಿರುವ ಮಾತು. ಅರ್ಥ ಏನು ಅಂತ ಹ್ಯಾಂಡಿ ಕೇಳಿದ. ಅವನು ಕಣ್ಣು ಹೊರಳಿಸಿ ಸಣ್ಣಗೆ ನಕ್ಕ. ಹಳದಿ ನಾಯಿ ಹತ್ತಿ ದಕ್ಷಿಣಕ್ಕೆ ಹೋಗಿ ಮೂರ್‌ಹೆಡ್ಡಿನಲ್ಲಿ ಇಳಿದರೆ ಸದರ್ನ್ ಗಾಡಿ ಸಿಗುತ್ತಿತ್ತು. ಅದೇ ಅರ್ಥ.

ಹ್ಯಾಂಡಿಯನ್ನು ನಾವು ಕಳ್ಳ ಅನ್ನುವುದಿಲ್ಲ. 1912ರಲ್ಲಿ ಅವನ 'ಮೆಂಫಿಸ್ ಬ್ಲೂಸ್' ಹಕ್ಕನ್ನು ಬರೀ 50 ಡಾಲರಿಗೆ ಹೊಡೆದುಕೊಂಡವರಿದ್ದರು. ಆ ಪೆಟ್ಟು ತಿಂದ ಮೇಲೆ ಅವನೂ ಗೆಳೆಯನೂ ಸೇರಿ ತಾವೇ ಪ್ರಕಾಶನ ಕಟ್ಟಿದರು. 1914ರಲ್ಲಿ ಹಳದಿ ನಾಯಿಯ ಹೆಸರಿನ ಹಾಡು ಅಚ್ಚಾಯಿತು, 1925ರಲ್ಲಿ ಬೆಸ್ಸಿ ಸ್ಮಿತ್ ಅದನ್ನು ಹಾಡಿ ತಟ್ಟೆ ಮಾಡಿದಳು. ಮೂರ್‌ಹೆಡ್ ಎಲ್ಲಿದೆ ಅಂತ ಗೊತ್ತಿಲ್ಲದವರ ಬಾಯಲ್ಲೂ ಅಲ್ಲಿನ ಹಳಿ ಬಂತು. ಬ್ಲೂಸಿನ ತಂದೆ ಅಂತ ಹ್ಯಾಂಡಿಗೆ ಬಿರುದಾಯಿತು. ಚಾಕುವಿನವನು ಟೇಸನ್ನಿನಲ್ಲೇ ಉಳಿದ. ಬರೆಯಬಲ್ಲವನು ಪಕ್ಕದಲ್ಲಿ ಕೂತಿದ್ದರಿಂದ ಅಷ್ಟಾದರೂ ಉಳಿಯಿತು. ಬರೆಯಬಲ್ಲವನೂ ಹೆಸರು ಕೇಳಲಿಲ್ಲ. ನಮ್ಮ ಮನೆಗಳಲ್ಲಿ ಮೊದಲ ಸಲ ಅಕ್ಷರ ಕಲಿತ ನಾವು ಈ ಎರಡನ್ನೂ ಒಟ್ಟಿಗೇ ನೆನಪಿಡಬೇಕಾಗಿದೆ. ಅಜ್ಜಿಯರು ಬೀಸುತ್ತ ಹಾಡಿದ್ದನ್ನು ಜಾನಪದ ಅಂತ ಬರೆದುಕೊಂಡು ಹೋದವರ ಪುಸ್ತಕದಲ್ಲಿ ಅಜ್ಜಿಯರ ಹೆಸರು ಹುಡುಕಿ ನೋಡಿ.

ಹಾಡು ಹೊರಟ ಮೇಲೆ ಜನವೂ ಹೊರಟರು. 1916ರಿಂದ 1970ರವರೆಗೆ ಸುಮಾರು 60 ಲಕ್ಷ ಕರಿಯರು ದಕ್ಷಿಣ ಬಿಟ್ಟು ಹೋದರು. ಡೆಲ್ಟಾದವರಿಗೆ ಇಲಿನಾಯ್ ಸೆಂಟ್ರಲ್ಲಿನ ಹಳಿ ಅಂದರೆ ಷಿಕಾಗೋ. ಅಲ್ಲಿಂದ ಬರುತ್ತಿದ್ದ ಕರಿಯರ ಪತ್ರಿಕೆ 'ಷಿಕಾಗೋ ಡಿಫೆಂಡರ್' ಅನ್ನು ರೈಲಿನ ಪೋರ್ಟರುಗಳೇ ಗುಟ್ಟಾಗಿ ಹಂಚುತ್ತಿದ್ದರು. ಹತ್ತಿ ಬಿಡಿಸುವ ಕೈ ತಪ್ಪುತ್ತದೆ ಅಂತ ದಕ್ಷಿಣದ ಧಣಿಗಳು ಟೇಸನ್ನುಗಳಿಗೆ ಪೊಲೀಸರನ್ನು ಕಳಿಸಿ ಹೊರಟವರನ್ನು ತಡೆಸಿದರು.

ಅದೇ ಹಳಿ ವಾಪಸ್ಸು ತಂದದ್ದೂ ಉಂಟು. 1955ರ ಆಗಸ್ಟಿನಲ್ಲಿ ಷಿಕಾಗೋದಿಂದ ನೆಂಟರ ಮನೆಗೆ ರೈಲಿನಲ್ಲಿ ಬಂದ 14 ವರ್ಷದ ಹುಡುಗ ಎಮೆಟ್ ಟಿಲ್. ಬಿಳಿಯ ಹೆಂಗಸೊಬ್ಬಳ ಜೊತೆ ಸಲಿಗೆಯಾಗಿ ನಡೆದುಕೊಂಡ ಅನ್ನೋ ದೂರಿಗೆ ಆಗಸ್ಟ್ 28ರ ರಾತ್ರಿ ಎತ್ತಿಕೊಂಡು ಹೋದರು. ಡ್ರೂ ಊರಿನ ಹತ್ತಿರದ ಕೊಟ್ಟಿಗೆಯಲ್ಲಿ ಹಿಂಸೆ ಕೊಟ್ಟು ಕೊಂದರು, ನದಿಗೆ ಎಸೆದರು. ಹೆಣವನ್ನು ಸಿದ್ಧಮಾಡಿದ್ದು ಟಟ್‌ವೈಲರಿನಲ್ಲಿ, ಹ್ಯಾಂಡಿ ಗಾಡಿಗೆ ಕಾದ ಅದೇ ಊರಿನಲ್ಲಿ. ಹುಡುಗ ರೈಲಿನಲ್ಲೇ ಷಿಕಾಗೋಗೆ ಮರಳಿದ, ಪೆಟ್ಟಿಗೆಯೊಳಗೆ. ತಾಯಿ ಮೇಮಿ ಪೆಟ್ಟಿಗೆ ಮುಚ್ಚಲು ಬಿಡಲಿಲ್ಲ. ಸಾವಿರಾರು ಜನ ಆ ಮುಖ ನೋಡಿದರು. 12 ಮಂದಿ ಬಿಳಿಯರ ಜ್ಯೂರಿ 67 ನಿಮಿಷದಲ್ಲಿ ಕೊಂದವರನ್ನು ಬಿಟ್ಟುಬಿಟ್ಟಿತು.

ಮೂರ್‌ಹೆಡ್ಡಿನಿಂದ ಪಶ್ಚಿಮಕ್ಕೆ ಸದರ್ನ್ ಹಳಿ ಹಿಡಿದರೆ ಹತ್ತಿರದಲ್ಲೇ ಇಂಡಿಯನೋಲಾ, ಸನ್‌ಫ್ಲವರ್ ಕೌಂಟಿಯ ಕಚೇರಿ ಇರುವ ಊರು. ಶಾಲೆಗಳಲ್ಲಿ ಬಣ್ಣಭೇದ ಕೂಡದು ಅಂತ 1954ರ ಮೇನಲ್ಲಿ ಸುಪ್ರೀಂ ಕೋರ್ಟು ಹೇಳಿದ ಎರಡೇ ತಿಂಗಳಿಗೆ, ಅದನ್ನು ಎದುರಿಸಲು ಬಿಳಿಯ ದೊಡ್ಡ ಮನುಷ್ಯರು ಮೊದಲ 'ಸಿಟಿಜನ್ಸ್ ಕೌನ್ಸಿಲ್' ಕಟ್ಟಿದ್ದು ಇಲ್ಲೇ. 1962ರ ಆಗಸ್ಟ್ 31ರಂದು ರೂಲ್‌ವಿಲ್ಲಿನಿಂದ 18 ಮಂದಿ ಕರಿಯರು ಒಂದು ಹಳೇ ಬಸ್ಸಿನಲ್ಲಿ ಈ ಕಚೇರಿಗೆ ಬಂದರು, ಮತದಾರರ ಪಟ್ಟಿಗೆ ಹೆಸರು ಬರೆಸಲು. ಅವರಲ್ಲಿ ಒಬ್ಬಾಕೆ ಫ್ಯಾನಿ ಲೂ ಹೇಮರ್. 1917ರಲ್ಲಿ ಹುಟ್ಟಿದವಳು, ಇಪ್ಪತ್ತು ಮಕ್ಕಳಲ್ಲಿ ಕೊನೆಯವಳು, ಆರನೇ ವಯಸ್ಸಿಗೇ ಹತ್ತಿ ಬಿಡಿಸಲು ಇಳಿದವಳು. ಧಣಿಯ ಜಮೀನಿನಲ್ಲಿ ಹಾಜರಿ ಬರೆಯುವ ಕೆಲಸ ಸಿಕ್ಕಾಗ, ತೂಕದಲ್ಲಿ ಮೋಸ ಮಾಡುವ ಧಣಿಯ ಕಲ್ಲಿನ ಬದಲು ಅವನಿಲ್ಲದಾಗ ತನ್ನದೇ ಕಲ್ಲು ಇಟ್ಟು ತೂಗಿದವಳು!

ಕಚೇರಿಯವನು ರಾಜ್ಯ ಸಂವಿಧಾನದ ಒಂದು ಕಲಮು ಕೊಟ್ಟು ಅರ್ಥ ಬರಿ ಅಂದ. ಅದೇ 1890ರ ಸಂವಿಧಾನ. ಕೈದಿಗಳ ಗುತ್ತಿಗೆ ನಿಲ್ಲಿಸಿದ ಆ ಕೈಯೇ ಕರಿಯರ ಓಟು ಕಿತ್ತುಕೊಳ್ಳಲು ಈ ಪರೀಕ್ಷೆ ಬರೆದಿತ್ತು. ಆಕೆ ಫೇಲಾದಳು. ವಾಪಸ್ಸು ಬರುವಾಗ ಪೊಲೀಸರು ಬಸ್ಸು ನಿಲ್ಲಿಸಿ ದಂಡ ಹಾಕಿದರು. ಬಸ್ಸಿನ ಬಣ್ಣ ಜಾಸ್ತಿ ಹಳದಿಯಾಗಿದೆ, ಶಾಲೆ ಬಸ್ಸಿನ ಹಾಗೆ ಕಾಣುತ್ತದೆ ಅನ್ನೋದು ತಪ್ಪು. ಹೆದರಿ ಮುದುರಿದವರ ನಡುವೆ ಹೇಮರ್ ಹಾಡತೊಡಗಿದಳು. ಇದ್ದಬದ್ದ ಚಿಲ್ಲರೆ ಕೂಡಿಸಿ ದಂಡ ಕಟ್ಟಿ ಊರು ಸೇರಿದರೆ, ಅರ್ಜಿ ವಾಪಸ್ಸು ತಗೋ ಇಲ್ಲ ಮನೆ ಬಿಡು ಅಂದ ಧಣಿ. ನಿನಗೋಸ್ಕರ ಹೋಗಿರಲಿಲ್ಲ, ನನಗೋಸ್ಕರ ಹೋಗಿದ್ದೆ ಅಂದಳು. ಅದೇ ರಾತ್ರಿ ಮನೆ ಬಿಟ್ಟಳು. 1963ರಲ್ಲಿ ವೈನೋನಾ ಜೈಲಿನಲ್ಲಿ ಆಕೆಯನ್ನು ಕೈದಿಗಳಿಂದಲೇ ಹೊಡೆಸಿದರು. 1964ರಲ್ಲಿ ಆಕೆ ಅದನ್ನೆಲ್ಲ ಇಡೀ ಅಮೆರಿಕದ ಟೆಲಿವಿಷನ್ ಮುಂದೆ ಹೇಳಿದಳು.

ಮೂರ್‌ಹೆಡ್ಡಿನ ಕೂಡುಹಳಿಯ ಬಳಿ ಈಗ ಬ್ಲೂಸಿನ ನೆನಪಿನ ಫಲಕವಿದೆ. ಪ್ರವಾಸಿಗಳು ಪಟ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ. ನಮಗೆ ಮಾತ್ರ ಅಲ್ಲಿಂದ ಉತ್ತರಕ್ಕೆ ನಡೆಯಬೇಕು ಅನಿಸುತ್ತದೆ. 1969ರಲ್ಲಿ ಹೇಮರ್ 40 ಎಕರೆ ಕೊಂಡು ನೆಲವಿಲ್ಲದವರ ಸಹಕಾರಿ ಬೇಸಾಯ ಶುರು ಮಾಡಿದ್ದು ಆ ಕಡೆ. ಸಾಕಲು ಹಂದಿ ಕೊಟ್ಟರು, ಹಸಿದ ಮನೆಗಳಿಗೆ ಕಾಯಿಪಲ್ಲೆ ಬೆಳೆದರು. ಹಣವಿಲ್ಲದೆ ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. 1977ರ ಮಾರ್ಚಿನಲ್ಲಿ ಆಕೆ ತೀರಿಕೊಂಡಳು. ರೂಲ್‌ವಿಲ್ಲಿನಲ್ಲೇ ಮಣ್ಣು ಮಾಡಿದರು. 1897ರಲ್ಲಿ ಮೂರ್‌ಹೆಡ್ ಬಿಟ್ಟ ಹಳದಿ ನಾಯಿ ಮೊದಲು ಹೋಗಿ ನಿಂತದ್ದು ಆ ಊರಿಗೇ.