ಮೋಟಾರಿನ ಬೀಗ ಸವೆದಾಗ

ಹಳೆಯ ಪಿಕ್‌ಅಪ್ ಗಾಡಿಯ ಬೀಗ ಒಮ್ಮೊಮ್ಮೆ ಅನ್ಯರ ಕೀಲಿಕೈಗೂ ತಿರುಗಿಬಿಡುತ್ತದೆ. ಮತ್ತೊಮ್ಮೆ ತನ್ನದೇ ಕೈಗೂ ಮಿಸುಕದು. ಎರಡೂ ಸವೆತದ ಲಕ್ಷಣಗಳೇ. ಇದರ ಮರ್ಮ ತಿಳಿಯಲು, ವಾಚಕರೇ, ನೀವು ಪ್ರಾಚೀನ ಈಜಿಪ್ಟಿನವರೆಗೆ ಹೋಗಬೇಕು. ಅಲ್ಲಿಯ ಮರದ ಬೀಗದಲ್ಲಿ ಪುಟ್ಟ ಗೂಟಗಳು ಇಳಿದು ಅಗುಳಿಯನ್ನು ಹಿಡಿಯುತ್ತಿದ್ದವು. ಕೈಯ ಹಲ್ಲುಗಳು ಅವನ್ನು ಎತ್ತಿದರೆ ಅಗುಳಿ ಸರಿಯುತ್ತಿತ್ತು. ಅದೇ ತತ್ತ್ವವನ್ನು ಅಮೆರಿಕದ ಕಿರಿಯ ಲೈನಸ್ ಯೇಲ್ ಲೋಹದ ಉರುಳೆಯಲ್ಲಿ ಅಳವಡಿಸಿ 1861ರಲ್ಲಿ ಪೇಟೆಂಟು ಪಡೆದನು.

ಮೊದಮೊದಲು ಮೋಟಾರನ್ನು ಹ್ಯಾಂಡಲು ತಿರುಗಿಸಿಯೇ ಎಬ್ಬಿಸಬೇಕಿತ್ತು. ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲ್ಯಾಕಿನಲ್ಲಿ ಆ ಕಷ್ಟವನ್ನು ನೀಗಿತು. 1949ರ ಕ್ರೈಸ್ಲರ್ ಕಾರುಗಳಲ್ಲಿ ಕೀಲಿಕೈ ತಿರುಗಿಸಿದರೇ ಎಂಜಿನು ಏಳತೊಡಗಿತು. ಹೀಗೆ ಕಾವಲುಗಾರನಾಗಿದ್ದ ಬೀಗ ಚಾಲಕನ ಆಳೂ ಆಯಿತು. ದುಡಿಮೆ ಹೆಚ್ಚಿ ಸವೆತವೂ ಹೆಚ್ಚಿತು.

ಮೋಟಾರಿನ ಬೀಗದೊಳಗೆ ಗೂಟಗಳ ಬದಲು ಸಾಮಾನ್ಯವಾಗಿ ತೆಳು ಲೋಹದ ಬಿಲ್ಲೆಗಳಿರುತ್ತವೆ. ದಿನವೂ ಉಜ್ಜಿ ಬಿಲ್ಲೆಯೂ ಕೈಯೂ ಸವೆಯುತ್ತವೆ. ಸವೆದ ಕೈಯ ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಆದುದರಿಂದ ಕಾರ್ಖಾನೆಯ ಸಂಕೇತಸಂಖ್ಯೆಯಂತೆ ಹೊಸ ಕೈ ಕೊರೆಸಿ ನೋಡಿರಿ.

ಅದೂ ಸಾಲದಿದ್ದರೆ ಉರುಳೆಯನ್ನೇ ಬದಲಿಸಬೇಕು. 1980ರ ದಶಕದ ಫೋರ್ಡ್ ಪಿಕ್‌ಅಪ್‌ಗಳಲ್ಲಿ ಬ್ಯಾಟರಿಯ ತಂತಿ ಬಿಚ್ಚಿ, ಕೈಯನ್ನು ಎಂಜಿನು ಓಡುವ ಸ್ಥಾನಕ್ಕೆ ತಿರುಗಿಸಿ, ಸ್ಟಿಯರಿಂಗ್ ಕಂಬದ ಸಣ್ಣ ರಂಧ್ರದಲ್ಲಿ ಗಟ್ಟಿ ತಂತಿಯಿಂದ ಒಳಗಿನ ಮೊಳೆಯನ್ನು ಒತ್ತಿದರೆ ಉರುಳೆ ಈಚೆಗೆ ಬರುತ್ತದೆ. ಆದರೆ ಕೈ ತಿರುಗುವಷ್ಟು ದಿನ ಮಾತ್ರ ಈ ಸುಲಭೋಪಾಯ. ಪೂರ್ತಿ ಕಚ್ಚಿಕೊಂಡ ಮೇಲೆ ಬೈರಿಗೆಯಿಂದ ಕೊರೆದೇ ತೆಗೆಯಬೇಕಾದೀತು. ಬೀಗ ಮೊಂಡು ಹಿಡಿಯಲು ತೊಡಗಿದಾಗಲೇ ಅದರ ಮಾತು ಕೇಳುವುದು ಲೇಸು.