ಪಿಎಲ್‌ಸಿ ನಿರ್ವಹಣೆ ಮತ್ತು ದೋಷಪತ್ತೆ

ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್ (ಪಿಎಲ್‌ಸಿ) ಕಾರ್ಖಾನೆಯ ಯಂತ್ರಗಳನ್ನು ಸ್ವಯಂಚಾಲಿತವಾಗಿ ನಡೆಸುವ ಕೈಗಾರಿಕಾ ಗಣಕ. ಯಂತ್ರವು ನಿಂತಾಗ ಸಂಶಯವು ಮೊದಲು ಈ ನಿಯಂತ್ರಕದ ಮೇಲೆ ಬೀಳುತ್ತದೆಯಾದರೂ, ದೋಷವು ಸಾಮಾನ್ಯವಾಗಿ ಅದಕ್ಕೆ ಜೋಡಿಸಿದ ಸೆನ್ಸರ್, ತಂತಿ, ಫ್ಯೂಸ್ ಅಥವಾ ವಿದ್ಯುತ್ ಪೂರೈಕೆಯಲ್ಲಿರುತ್ತದೆ.

ಹಿನ್ನೆಲೆ

1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು ರಿಲೇ ಫಲಕಗಳಿಗೆ ಬದಲಿಯಾಗಬಲ್ಲ ನಿಯಂತ್ರಕಕ್ಕೆ ಬೇಡಿಕೆಯಿಟ್ಟಿತು. ಡಿಕ್ ಮಾರ್ಲಿ ಅವರಿದ್ದ ಬೆಡ್‌ಫರ್ಡ್ ಅಸೋಸಿಯೇಟ್ಸ್ ರೂಪಿಸಿದ ಸಾಧನವು ಆ ಸಂಸ್ಥೆಯ 84ನೆಯ ಯೋಜನೆಯಾದುದರಿಂದ ‘084’ ಎಂಬ ಹೆಸರು ಪಡೆಯಿತು. ರಿಲೇ ಮಂಡಲದ ನಕ್ಷೆಯನ್ನು ಹೋಲುವ ಲ್ಯಾಡರ್ ಭಾಷೆಯು ವಿದ್ಯುತ್ ಕೆಲಸಗಾರರಿಗೆ ಸುಲಭವಾಗಿ ಅರ್ಥವಾಗುತ್ತಿತ್ತು.

ಕಾರ್ಯವಿಧಾನ

ಪಿಎಲ್‌ಸಿಯು ಇನ್‌ಪುಟ್‌ಗಳನ್ನು ಓದುವುದು, ಪ್ರೋಗ್ರಾಮನ್ನು ನಡೆಸುವುದು, ಔಟ್‌ಪುಟ್‌ಗಳನ್ನು ಬದಲಿಸುವುದು ಎಂಬ ಮೂರು ಹಂತಗಳನ್ನು ನಿರಂತರವಾಗಿ ಪುನರಾವರ್ತಿಸುತ್ತದೆ. ಇದಕ್ಕೆ ಸ್ಕ್ಯಾನ್ ಎಂದು ಹೆಸರು. ಒಂದು ಸ್ಕ್ಯಾನ್ ನಿಗದಿತ ಅವಧಿಯನ್ನು ಮೀರಿದರೆ ವಾಚ್‌ಡಾಗ್ ಟೈಮರ್ ಅದನ್ನು ದೋಷವೆಂದು ಪರಿಗಣಿಸುತ್ತದೆ.

ನಿಯತ ನಿರ್ವಹಣೆ

* ಫಲಕದೊಳಗಿನ ಧೂಳನ್ನು ತೆಗೆಯುವುದು. ಫ್ಯಾನ್ ಮತ್ತು ಫಿಲ್ಟರ್‌ಗಳನ್ನು ಶುಚಿಗೊಳಿಸುವುದು.
* ಕಂಪನದಿಂದ ಸಡಿಲಗೊಂಡ ಟರ್ಮಿನಲ್ ಸ್ಕ್ರೂಗಳನ್ನು ವಿದ್ಯುತ್ ಕಡಿತಗೊಳಿಸಿದ ಬಳಿಕ ಬಿಗಿಗೊಳಿಸುವುದು.
* 24 ವೋಲ್ಟ್ ಪೂರೈಕೆಯು, ಯಂತ್ರವು ಪೂರ್ಣ ಹೊರೆಯಲ್ಲಿರುವಾಗಲೂ ಸ್ಥಿರವಾಗಿದೆಯೇ ಎಂದು ಅಳೆಯುವುದು.
* ಪ್ರೋಗ್ರಾಮಿನ ಇತ್ತೀಚಿನ ಪ್ರತಿಯನ್ನು ಬೇರೆಡೆ ಕಾಪಿಡುವುದು.

ಹಳೆಯ ಅನೇಕ ಮಾದರಿಗಳಲ್ಲಿ, ವಿದ್ಯುತ್ ಇಲ್ಲದಾಗ ಪ್ರೋಗ್ರಾಮನ್ನು ಉಳಿಸುವುದು ಒಂದು ಸಣ್ಣ ಬ್ಯಾಟರಿ. ಅದು ಕ್ಷೀಣಿಸಿರುವಾಗ ವಿದ್ಯುತ್ ಹೋದರೆ ಪ್ರೋಗ್ರಾಮು ಅಳಿಸಿಹೋಗುತ್ತದೆ. ಪ್ರತಿ ಇಲ್ಲದಿದ್ದರೆ ಅದನ್ನು ಮತ್ತೆ ಬರೆಯಬೇಕಾಗುತ್ತದೆ. ಆದುದರಿಂದ ಇಂತಹ ಮಾದರಿಗಳಲ್ಲಿ, ತಯಾರಕರ ಸೂಚನೆಯಂತೆ, ಸಾಮಾನ್ಯವಾಗಿ ಪಿಎಲ್‌ಸಿಗೆ ವಿದ್ಯುತ್ ಇರುವಾಗಲೇ ಬ್ಯಾಟರಿಯನ್ನು ಬದಲಿಸುತ್ತಾರೆ.

ದೋಷಪತ್ತೆ

ಮಾಡ್ಯೂಲ್‌ಗಳ ಸೂಚಕ ದೀಪಗಳು ದೋಷವಿರುವ ಭಾಗವನ್ನು ಗುರುತಿಸಲು ನೆರವಾಗುತ್ತವೆ. ಸೆನ್ಸರ್ ಕಾರ್ಯನಿರ್ವಹಿಸುತ್ತಿದ್ದರೂ ಇನ್‌ಪುಟ್ ದೀಪ ಬೆಳಗದಿದ್ದರೆ ತಂತಿ ಮತ್ತು ಪೂರೈಕೆಯನ್ನು ಪರೀಕ್ಷಿಸಬೇಕು. ದೀಪ ಬೆಳಗಿಯೂ ಪ್ರೋಗ್ರಾಮಿನಲ್ಲಿ ಸಂಕೇತ ಕಾಣದಿದ್ದರೆ ಮಾಡ್ಯೂಲ್ ಅಥವಾ ವಿಳಾಸದಲ್ಲಿ ತಪ್ಪಿರಬಹುದು. ಔಟ್‌ಪುಟ್ ದೀಪವನ್ನು ಮಾತ್ರ ಪೂರ್ತಿಯಾಗಿ ನಂಬುವಂತಿಲ್ಲ. ಅನೇಕ ಮಾಡ್ಯೂಲ್‌ಗಳಲ್ಲಿ ಅದು ಆದೇಶ ಹೊರಟಿರುವುದನ್ನಷ್ಟೇ ತೋರಿಸುತ್ತದೆ. ಫ್ಯೂಸ್ ಸುಟ್ಟಿದ್ದರೂ ರಿಲೇ ಸಂಪರ್ಕ ಸವೆದಿದ್ದರೂ ದೀಪ ಬೆಳಗುತ್ತಲೇ ಇರುತ್ತದೆ. ಇಂತಹಲ್ಲಿ ಮಲ್ಟಿಮೀಟರ್‌ನಿಂದ ಟರ್ಮಿನಲ್‌ನಲ್ಲಿ ವೋಲ್ಟೇಜ್ ಅಳೆಯುವುದು ಅಗತ್ಯ.

4ರಿಂದ 20 ಮಿಲಿಆಂಪಿಯರ್ ಅನಲಾಗ್ ಸಂಕೇತದಲ್ಲಿ ಅಳತೆಯ ಕನಿಷ್ಠ ಮೌಲ್ಯವನ್ನು 4 ಮಿಲಿಆಂಪಿಯರ್ ಸೂಚಿಸುತ್ತದೆ. ಹೀಗಾಗಿ ಪ್ರವಾಹವು ಶೂನ್ಯಕ್ಕೆ ಇಳಿದರೆ ತಂತಿ ತುಂಡಾಗಿರುವ ಅಥವಾ ಪೂರೈಕೆ ನಿಂತಿರುವ ಸಾಧ್ಯತೆಯನ್ನು ಪರಿಶೀಲಿಸಬೇಕು. ಆಗಾಗ ಬಂದು ಹೋಗುವ ದೋಷಗಳಿಗೆ ಸಡಿಲ ಸಂಪರ್ಕ, ಅಸಮರ್ಪಕ ಭೂಸಂಪರ್ಕ ಹಾಗೂ ಮೋಟಾರ್ ಕೇಬಲ್‌ಗಳ ಪಕ್ಕದಲ್ಲಿ ಹಾದುಹೋಗುವ ಸಂಕೇತ ತಂತಿಗಳು ಕಾರಣವಾಗಬಹುದು.

ಸುರಕ್ಷತೆ

ಪರೀಕ್ಷೆಗಾಗಿ ಇನ್‌ಪುಟ್ ಅಥವಾ ಔಟ್‌ಪುಟ್‌ನ ಸ್ಥಿತಿಯನ್ನು ಬಲವಂತವಾಗಿ ನಿಗದಿಪಡಿಸುವುದಕ್ಕೆ ಫೋರ್ಸ್ ಮಾಡುವುದು ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಮರೆತರೆ, ಕಾವಲು ಬಾಗಿಲು ತೆರೆದಿದ್ದರೂ ಮುಚ್ಚಿದೆಯೆಂದೇ ಪ್ರೋಗ್ರಾಮು ತಿಳಿಯಬಹುದು. ಪಿಎಲ್‌ಸಿಯನ್ನು ನಿಲುಗಡೆ ಸ್ಥಿತಿಗೆ ತಂದ ಮಾತ್ರಕ್ಕೆ ಯಂತ್ರವು ಸುರಕ್ಷಿತವಾಗುವುದಿಲ್ಲ. ಒಳಗೆ ಕೈಯಿಡುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಿ ಬೀಗ ಹಾಕಬೇಕು. ಸಂಗ್ರಹವಾಗಿರುವ ವಾಯು ಒತ್ತಡವನ್ನೂ ಹೊರಬಿಡಬೇಕು. ತುರ್ತು ನಿಲುಗಡೆಯನ್ನು ಸಾಮಾನ್ಯ ಪಿಎಲ್‌ಸಿ ಪ್ರೋಗ್ರಾಮಿಗೆ ಮಾತ್ರ ವಹಿಸದೆ ಪ್ರತ್ಯೇಕ ಸುರಕ್ಷಾ ಮಂಡಲದ ಮೂಲಕ ಅಳವಡಿಸುತ್ತಾರೆ.