ತೆರೆಯ ಮೇಲೆ ಮೊದಲು, ಮೈದಾನದಲ್ಲಿ ಆಮೇಲೆ: ಪಶ್ಚಿಮ ಬೆಂಗಳೂರಿನಲ್ಲಿ ಹಾರ್ಡ್ ರಾಕ್ ವಿಡಿಯೊ

ಸಂಗೀತ ಕಛೇರಿಯೊಂದು ನಡೆದ ಮೇಲೆ ಅದರ ದಾಖಲೆ ಮಾರುಕಟ್ಟೆಗೆ ಬರುವುದು ಲೋಕರೂಢಿ. ಕಂಡವರು ನೆನಪಿಗಾಗಿ, ಕಾಣದವರು ಕುತೂಹಲಕ್ಕಾಗಿ ಅದನ್ನು ಕೊಳ್ಳುತ್ತಾರೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳನ್ನು ಒಳಗೊಂಡ ಪಶ್ಚಿಮ ಬೆಂಗಳೂರಿನಲ್ಲಿ ಪಾಶ್ಚಾತ್ಯ ಹಾರ್ಡ್ ರಾಕ್ ಸಂಗೀತದ ಮಟ್ಟಿಗೆ ಈ ಕ್ರಮ ತಲೆಕೆಳಗಾಗಿತ್ತು. ಕಛೇರಿಯ ಟೇಪು 1980ರ ದಶಕದಲ್ಲೇ ಮನೆಗಳಿಗೆ ಬಂದಿತ್ತು. ಆ ಟೇಪಿನಲ್ಲಿದ್ದ ತಂಡಗಳು ನಗರದ ಅರಮನೆ ಮೈದಾನಕ್ಕೆ ಬರಲು ಹೊಸ ಶತಮಾನವೇ ಹುಟ್ಟಬೇಕಾಯಿತು. ಕೇಳುಗರ ಒಂದು ಪೀಳಿಗೆ ಕಛೇರಿಯಲ್ಲಿ ಹೇಗೆ ನಿಲ್ಲಬೇಕು, ಯಾವ ಸಾಲಿಗೆ ದನಿಗೂಡಿಸಬೇಕು, ಯಾವಾಗ ಕೈ ಎತ್ತಬೇಕು ಎಂಬುದನ್ನೆಲ್ಲ ಕಛೇರಿಯಿಂದ ಕಲಿಯದೆ ಟೀವಿ ಪೆಟ್ಟಿಗೆಯಿಂದ ಕಲಿತದ್ದು ಈ ಚರಿತ್ರೆಯ ವಿಶೇಷ.

1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ, ಅಮೆರಿಕದ ಕರಿಯರ ಬ್ಲೂಸ್ ಗಾಯನವನ್ನು ಆಧಾರವಾಗಿಟ್ಟುಕೊಂಡು, ವಿದ್ಯುತ್ ಗಿಟಾರಿನ ದನಿಯನ್ನು ಬೇಕೆಂದೇ ಒಡೆದು ಒರಟಾಗಿಸಿ, ಡ್ರಮ್ಮಿನ ಭಾರವಾದ ಹೊಡೆತದೊಂದಿಗೆ ನುಡಿಸಲು ತೊಡಗಿದ ಪ್ರಕಾರಕ್ಕೆ ಹಾರ್ಡ್ ರಾಕ್ ಎಂಬ ಹೆಸರು ಬಂದಿತು. 1968ರಲ್ಲಿ ರೂಪುಗೊಂಡ ಡೀಪ್ ಪರ್ಪಲ್ ಇದರ ಹಿರಿಯ ತಂಡಗಳಲ್ಲೊಂದು. ಇದೇ ಬಳ್ಳಿಯಲ್ಲಿ ಚಿಗುರಿ ಮತ್ತಷ್ಟು ವೇಗವನ್ನೂ ಬಿಗಿಯನ್ನೂ ಪಡೆದ ಪ್ರಕಾರ ಹೆವಿ ಮೆಟಲ್. ಸ್ಟೀವ್ ಹ್ಯಾರಿಸ್ 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಟ್ಟಿದ ಐರನ್ ಮೇಡನ್ ಈ ಬಗೆಯದು. ಬೆಂಗಳೂರಿನಲ್ಲಿ ಇಂಥ ಸಂಗೀತಕ್ಕೆ ಮೊದಲು ನೆಲೆ ಒದಗಿದ್ದು ಪೂರ್ವದ ದಂಡು ಪ್ರದೇಶದಲ್ಲಿ, ಅಂದರೆ ಬ್ರಿಟಿಷ್ ಸೈನ್ಯದ ನೆಲೆಯಾಗಿದ್ದ ಕಂಟೋನ್ಮೆಂಟಿನಲ್ಲಿ. ಇಂಗ್ಲಿಷ್ ಹಾಡಿನ ರೆಕಾರ್ಡು ಬೇಕಾದವರು ಬ್ರಿಗೇಡ್ ರಸ್ತೆ, ಮಹಾತ್ಮ ಗಾಂಧಿ ರಸ್ತೆಗಳ ಕಡೆಗೆ ಹೋಗಬೇಕಿತ್ತು. ಪಶ್ಚಿಮದ ಬಡಾವಣೆಗಳ ಹುಟ್ಟು ಬೇರೆ ಬಗೆಯದು. 1949ರಲ್ಲಿ ಶಂಕುಸ್ಥಾಪನೆಗೊಂಡು, ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿ ಅವರ ಹೆಸರು ಪಡೆದ ರಾಜಾಜಿನಗರ ಕೈಗಾರಿಕಾ ವಸಾಹತನ್ನು ಮಗ್ಗುಲಲ್ಲಿಟ್ಟುಕೊಂಡು ಬೆಳೆಯಿತು. ಮಾಗಡಿ ರಸ್ತೆಯ ಮಿನರ್ವ ಮಿಲ್ಲಿನಂಥ ಬಟ್ಟೆ ಗಿರಣಿಗಳು ಅದಕ್ಕೆ ದೂರವಿರಲಿಲ್ಲ. ವಾಸಿಗಳಲ್ಲಿ ಕಾರ್ಮಿಕರು, ಗುಮಾಸ್ತರು, ಮೇಷ್ಟರು, ಸಣ್ಣ ವ್ಯಾಪಾರಿಗಳೇ ಹೆಚ್ಚು.

ಇದರಿಂದ ಪಶ್ಚಿಮ ಬೆಂಗಳೂರಿಗೆ ವಿದ್ಯುತ್ ವಾದ್ಯಗಳ ಪರಿಚಯವೇ ಇರಲಿಲ್ಲವೆಂದು ಭಾವಿಸುವುದು ತಪ್ಪಾದೀತು. ಗಣೇಶೋತ್ಸವದಲ್ಲಿಯೂ ನವೆಂಬರ್ ತಿಂಗಳುದ್ದಕ್ಕೂ ನಡೆಯುವ ರಾಜ್ಯೋತ್ಸವಗಳಲ್ಲಿಯೂ ಬೀದಿಗೆ ಅಡ್ಡಲಾಗಿ ವೇದಿಕೆ ಕಟ್ಟಿ, ಕೀಬೋರ್ಡು, ಕಾಂಗೋ, ರಿದಮ್ ಪ್ಯಾಡು, ವಿದ್ಯುತ್ ಗಿಟಾರುಗಳೊಂದಿಗೆ ಚಿತ್ರಗೀತೆಗಳನ್ನು ನುಡಿಸುವ ಆರ್ಕೆಸ್ಟ್ರಾಗಳು, ಕರಪತ್ರದ ಭಾಷೆಯಲ್ಲಿ ರಸಮಂಜರಿ ಕಾರ್ಯಕ್ರಮಗಳು, ಇಲ್ಲಿನ ಸಾರ್ವಜನಿಕ ಜೀವನದ ಭಾಗವೇ ಆಗಿದ್ದವು. ಗಿಟಾರಿನ ತಂತಿಯನ್ನು ಎಳೆದು ದನಿಯನ್ನು ಬಾಗಿಸುವ ಬೆಡಗನ್ನು ಇಲ್ಲಿಯ ಅನೇಕರು ಮೊದಲು ಕೇಳಿದ್ದು ಶಾಮಿಯಾನದ ಕೆಳಗೆ. ಕಛೇರಿಯ ಕಾವನ್ನು ಮನೆಯಲ್ಲಿ ಕುಳಿತು ಸವಿಯುವ ಅಭ್ಯಾಸವೂ ಕನ್ನಡಿಗರಿಗೆ ಹೊಸದಾಗಿರಲಿಲ್ಲ, ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಧ್ವನಿಸುರುಳಿಯಾಗಿ ಬಂದ ಮೇಲೆ ಕ್ಯಾಸೆಟ್ಟು ಮಧ್ಯಮವರ್ಗದ ಮನೆಯ ವಸ್ತುವಾಯಿತು, ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ದ ಕ್ಯಾಸೆಟ್ಟಿನಲ್ಲಂತೂ ಸಂಭಾಷಣೆಯಷ್ಟೇ ಮುಖ್ಯವಾಗಿ ಜನರ ನಗೆ ಕೇಳಿಬರುತ್ತಿತ್ತು. ದಾಖಲೆಯೊಳಗೆ ಪ್ರೇಕ್ಷಕನೂ ಒಬ್ಬ ಪಾತ್ರಧಾರಿ ಎಂಬ ತಿಳಿವು ರಾಕ್ ವಿಡಿಯೊ ಬರುವ ಮುನ್ನವೇ ಇಲ್ಲಿತ್ತು.

1982ರ ಏಷ್ಯನ್ ಕ್ರೀಡಾಕೂಟದ ಸಂದರ್ಭದಲ್ಲಿ ಬಣ್ಣದ ಪ್ರಸಾರ ಆರಂಭವಾದ ನಂತರ ಟೀವಿ ಪೆಟ್ಟಿಗೆಯ ಜೊತೆಗೇ ವಿಸಿಆರ್, ಅಂದರೆ ವಿಡಿಯೊ ಕ್ಯಾಸೆಟ್ಟನ್ನು ನುಡಿಸಿ ಮುದ್ರಿಸುವ ಯಂತ್ರವೂ, ಮುದ್ರಿಸಲಾರದೆ ನುಡಿಸಲು ಮಾತ್ರ ಬಲ್ಲ ಅದರ ಅಗ್ಗದ ತಮ್ಮ ವಿಸಿಪಿಯೂ ನಗರಗಳಿಗೆ ನುಗ್ಗಿದವು. ಸೋನಿ ಕಂಪನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆವಿಸಿ ಕಂಪನಿಯ ವಿಎಚ್‌ಎಸ್ 1976ರಲ್ಲಿ ಜಪಾನಿನಲ್ಲಿ ಹೊರಬಂದಿದ್ದವು, ಗೆದ್ದದ್ದು ಎರಡನೆಯದು. ಯಂತ್ರ ಕೊಳ್ಳಲಾಗದವರು ಒಂದು ರಾತ್ರಿಯ ಮಟ್ಟಿಗೆ ಟೀವಿ ಸಮೇತ ಬಾಡಿಗೆಗೆ ತರಿಸಿ, ಅಕ್ಕಪಕ್ಕದ ಮನೆಯವರನ್ನೂ ಕೂಡಿಸಿಕೊಂಡು, ಬೆಳಗಾಗುವವರೆಗೆ ಮೂರು ಚಲನಚಿತ್ರ ನೋಡಿ ಹಣ ಸಾರ್ಥಕಪಡಿಸಿಕೊಳ್ಳುತ್ತಿದ್ದರು. ಬಡಾವಣೆಯ ಕ್ಯಾಸೆಟ್ ಲೈಬ್ರರಿಯಲ್ಲಿ ರಾಜ್‌ಕುಮಾರ್, ವಿಷ್ಣುವರ್ಧನ್, ಅಮಿತಾಭ್ ಬಚ್ಚನ್ ಚಿತ್ರಗಳ ಸಾಲಿನ ಕೊನೆಗೆ, ಕರಾಟೆ ಚಿತ್ರಗಳ ಪಕ್ಕದಲ್ಲಿ, ಇಂಗ್ಲಿಷ್ ಹಾಡಿನ ಒಂದೆರಡು ಕ್ಯಾಸೆಟ್ಟು ಇದ್ದರೆ ಅದೇ ಹೆಚ್ಚು.

ಆದ್ದರಿಂದ ರಾಕ್ ಕಛೇರಿಯ ಟೇಪು ಅಂಗಡಿಯಿಂದ ಬರುವುದಕ್ಕಿಂತ ಹೆಚ್ಚಾಗಿ ಕೈಯಿಂದ ಕೈಗೆ ಬರುತ್ತಿತ್ತು, ಮತ್ತು ಅದು ಯಾವ ದೇಶದಿಂದ ಬಂದಿತೆಂಬುದು ಕೇವಲ ಪ್ರತಿಷ್ಠೆಯ ಪ್ರಶ್ನೆಯಾಗಿರಲಿಲ್ಲ. ಭಾರತ, ಬ್ರಿಟನ್, ದುಬೈಗಳಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟೀವಿ ಪದ್ಧತಿಯಲ್ಲಿ ಚಿತ್ರವು 625 ಗೆರೆಗಳಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳಂತೆ ಮೂಡುತ್ತಿದ್ದರೆ, ಅಮೆರಿಕ ಮತ್ತು ಜಪಾನುಗಳ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆಗಳು, ಸೆಕೆಂಡಿಗೆ ಸುಮಾರು 30 ಚೌಕಟ್ಟುಗಳು. ಹೀಗಾಗಿ ದುಬೈಯಲ್ಲಿದ್ದ ನೆಂಟರು ತಂದ ಟೇಪು ಸಲೀಸಾಗಿ ಓಡಿದರೆ, ಅಮೆರಿಕದಲ್ಲಿ ಓದುತ್ತಿದ್ದ ಅಣ್ಣ ಕಳುಹಿಸಿದ ಟೇಪು ಸಾಮಾನ್ಯ ಯಂತ್ರದಲ್ಲಿ ಬಣ್ಣವಿಲ್ಲದೆ ಉರುಳುವ ಗೆರೆಗಳಾಗಿ ಕಾಣುತ್ತಿತ್ತು, ಮತ್ತು ಎರಡೂ ಪದ್ಧತಿ ಬಲ್ಲ ‘ಮಲ್ಟಿ ಸಿಸ್ಟಮ್’ ಯಂತ್ರ ಯಾರ ಮನೆಯಲ್ಲಿದೆಯೆಂದು ವಿಚಾರಿಸಬೇಕಾಗುತ್ತಿತ್ತು. ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ ತೆಗೆದ ನಕಲು, ಆ ನಕಲಿನ ನಕಲು, ಹೀಗೆ ಪ್ರತಿ ಪೀಳಿಗೆಯಲ್ಲೂ ಬಣ್ಣ ಸೋರಿ, ಗೆರೆ ಕದಡಿ, ನಾಲ್ಕನೆಯ ಕೈಗೆ ಬರುವಷ್ಟರಲ್ಲಿ ಗಾಯಕ ಯಾರು, ಗಿಟಾರು ನುಡಿಸುವವರು ಯಾರು ಎಂದು ಉದ್ದ ಕೂದಲನ್ನು ನೋಡಿ ಊಹಿಸಬೇಕಿತ್ತು. ಹೆಡ್ ಎಂಬ ಓದುವ ಭಾಗಕ್ಕೆ ಧೂಳು ಹಿಡಿದಿದ್ದರೆ ಅದೂ ಇಲ್ಲ. 1984ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೃತಿಸ್ವಾಮ್ಯ ಕಾಯ್ದೆಯ ತಿದ್ದುಪಡಿಯು ಪ್ರತಿ ವಿಡಿಯೊ ಕ್ಯಾಸೆಟ್ಟಿನ ಮೇಲೂ ತಯಾರಕರ ಮತ್ತು ಹಕ್ಕುದಾರರ ಹೆಸರು, ವಿಳಾಸ ಇರಬೇಕೆಂದು ವಿಧಿಸಿತ್ತಾದರೂ, ಬಾಲ್‌ಪೆನ್ನಿನಲ್ಲಿ ತಂಡದ ಹೆಸರನ್ನಷ್ಟೇ ಗೀಚಿದ ಇಂಥ ಟೇಪುಗಳ ಲೋಕಕ್ಕೆ ಕಾಯ್ದೆ ತಲುಪಿದ ಸುಳಿವು ಕಡಿಮೆ.

ಈ ಟೇಪುಗಳಲ್ಲಿ ಐರನ್ ಮೇಡನ್ನಿನ ‘ಲೈವ್ ಆಫ್ಟರ್ ಡೆತ್’ ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು. 1984ರ ಆಗಸ್ಟಿನಿಂದ 1985ರ ಜುಲೈವರೆಗೆ ನಡೆದ ವಿಶ್ವಪ್ರವಾಸದ ನಡುವೆ, 1985ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ಅರೀನಾದಲ್ಲಿ ನಡೆದ ಕಛೇರಿಗಳನ್ನು ಜಿಮ್ ಯೂಕಿಚ್ ನಿರ್ದೇಶನದಲ್ಲಿ ಚಿತ್ರೀಕರಿಸಿ, ಅದೇ ವರ್ಷದ ಅಕ್ಟೋಬರಿನಲ್ಲಿ, ಜೋಡಿ ಎಲ್‌ಪಿಯ ಜೊತೆಗೆ, ಒಂದೂವರೆ ಗಂಟೆಯ ವಿಡಿಯೊವಾಗಿ ಮಾರಾಟಕ್ಕಿಟ್ಟರು. ಈಜಿಪ್ಟಿನ ಗೋರಿಯನ್ನು ಹೋಲುವ ವೇದಿಕೆ, ಅದರ ಹಿಂದಿನಿಂದ ಎದ್ದು ಬರುವ ಬಟ್ಟೆ ಸುತ್ತಿದ ದೈತ್ಯಾಕಾರದ ಬೊಂಬೆ, ಹಾಡಿನ ನಡುವೆ ಊರಿನ ಹೆಸರು ಹಿಡಿದು ಕೂಗಿ ಜನರನ್ನು ಅರಚಿಸುವ ಗಾಯಕ ಬ್ರೂಸ್ ಡಿಕಿನ್‌ಸನ್, ಇವೆಲ್ಲ ಸೇರಿ ಆ ಟೇಪಿಗೆ ನಾಟಕ ಕಂಪನಿಯ ಮೆರುಗಿತ್ತು. ಪೌರಾಣಿಕ ನಾಟಕದ ಸೀನರಿಗಳನ್ನು ಬಲ್ಲ ಊರಿಗೆ ಇದು ಅಷ್ಟೇನೂ ಅಪರಿಚಿತವಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ. 1988ರ ಬರ್ಮಿಂಗ್‌ಹ್ಯಾಮ್ ಕಛೇರಿಗಳಿಂದ ಮಾಡಿ 1989ರಲ್ಲಿ ಹೊರತಂದ ‘ಮೇಡನ್ ಇಂಗ್ಲೆಂಡ್’ ವಿಡಿಯೊವನ್ನು ಸ್ವತಃ ಸ್ಟೀವ್ ಹ್ಯಾರಿಸ್ ನಿರ್ದೇಶಿಸಿ ಸಂಕಲಿಸಿದರು. ವೇದಿಕೆಯ ಮುಂದೆ ನಿಂತ ಅಭಿಮಾನಿಯ ಕಣ್ಣಿಗೆ ಕಾಣುವಂತೆ ಅದನ್ನು ಕತ್ತರಿಸಿ ಜೋಡಿಸಲಾಗಿತ್ತು.

ಗಿಟಾರು ಕಲಿಯುವವರಿಗೆ ವಿಡಿಯೊದಿಂದ ಆದ ಉಪಕಾರ ಧ್ವನಿಸುರುಳಿಯಿಂದ ಆಗುವಂಥದ್ದಲ್ಲ. ಕಿವಿಗೆ ಕೇಳಿದ ಸ್ವರಸಮೂಹವನ್ನು ಯಾವ ತಂತಿಯ ಯಾವ ಮನೆಯಲ್ಲಿ ಹಿಡಿಯಬೇಕೆಂಬುದು ಕಣ್ಣಿಗೆ ಕಂಡರೆ ಕೆಲಸ ಅರ್ಧ ಮುಗಿದಂತೆ. ಟೇಪನ್ನು ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಓಡಿಸಿ ಬೆರಳುಗಳನ್ನು ಗುರುತಿಸುವುದು ಸಾಧ್ಯವಿತ್ತು, ಕ್ಯಾಮರಾ ಸರಿಯಾಗಿ ಅದೇ ಹೊತ್ತಿಗೆ ಡ್ರಮ್ಮಿನ ಕಡೆ ಹೊರಳದಿದ್ದರೆ. ಮೈಸೂರು ರಸ್ತೆಯಲ್ಲಿ ಕೆಂಗೇರಿಗಿಂತ ಮುಂಚೆ ಸಿಗುವ ಆರ್.ವಿ. ಎಂಜಿನಿಯರಿಂಗ್ ಕಾಲೇಜು, ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ ಮೊದಲಾದ ಸಂಸ್ಥೆಗಳ ಉತ್ಸವಗಳಲ್ಲಿ ರಾಕ್ ಸ್ಪರ್ಧೆಯೂ ಒಂದು ಅಂಗವಾದಾಗ ಬೇರೆಯವರ ಹಾಡುಗಳನ್ನು ಯಥಾವತ್ತಾಗಿ ನುಡಿಸುವ ‘ಕವರ್’ ತಂಡಗಳಿಗೆ ಬೇಕಾದ ಅಭ್ಯಾಸ ಇಂಥ ದಾರಿಗಳಿಂದಲೇ ಒದಗಿತು. ಕಾನೂನು ಶಾಲೆಯ ‘ಸ್ಟ್ರಾಬೆರಿ ಫೀಲ್ಡ್ಸ್’ ಎಂಬ ಉತ್ಸವವು ಮುಂದೆ ದೇಶದ ಬೇರೆ ಭಾಗಗಳ ತಂಡಗಳನ್ನೂ ನಗರದ ಪಶ್ಚಿಮದ ಅಂಚಿಗೆ ಕರೆತಂದಿತು.

1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಬಂದವು, ಬಡಾವಣೆಯ ಕೇಬಲ್ ಆಪರೇಟರು ಬಂದ. ಸಂಗೀತ ವಾಹಿನಿಯಲ್ಲಿ ಹಾಡಿನ ತುಣುಕು ದೊರೆಯುತ್ತಿತ್ತೇ ಹೊರತು ಕಛೇರಿ ಇಡಿಯಾಗಿ ಸಿಗುತ್ತಿರಲಿಲ್ಲ. ಅದಕ್ಕೆ ವಿಸಿಡಿಯೇ ಬರಬೇಕಾಯಿತು. 1993ರಲ್ಲಿ ರೂಪುಗೊಂಡ ಈ ಬಗೆಯ ಡಿಸ್ಕಿನಲ್ಲಿ ಹಿಡಿಸುವುದು 74 ನಿಮಿಷ ಮಾತ್ರ, ಆದ್ದರಿಂದ ಎರಡು ಗಂಟೆಯ ಕಛೇರಿ ಎರಡು ಡಿಸ್ಕುಗಳಾಗಿ, ಒಳ್ಳೆಯ ಕಾವಿನಲ್ಲಿರುವಾಗಲೇ ಕಡಿದು ನಿಲ್ಲುತ್ತಿತ್ತು. ಪಶ್ಚಿಮದ ಬಸ್ಸುಗಳೆಲ್ಲ ಹೋಗಿ ಸೇರುವ ಮೆಜೆಸ್ಟಿಕ್‌ನಲ್ಲಿ, ನ್ಯಾಷನಲ್ ಮಾರ್ಕೆಟ್ಟಿನ ಇಕ್ಕಟ್ಟಾದ ಮಳಿಗೆಗಳಲ್ಲಿ, ವಿಸಿಡಿಗಳೂ ತರುವಾಯ ಡಿವಿಡಿಗಳೂ ಅಗ್ಗದ ನಕಲುಗಳಾಗಿ ದೊರೆತವು. ಡಿವಿಡಿಗಳನ್ನು ಹೊರತಂದ ಕಂಪನಿಗಳು ಜಗತ್ತನ್ನು ವಲಯಗಳಾಗಿ ವಿಂಗಡಿಸಿ ಭಾರತವನ್ನು ಐದನೆಯ ವಲಯಕ್ಕೆ ಸೇರಿಸಿ, ಬೇರೆ ವಲಯದ ಡಿಸ್ಕು ಇಲ್ಲಿ ಓಡದಂತೆ ಬೀಗ ಹಾಕಿದ್ದರೂ, ಚೀನಾದಿಂದ ಬಂದ ಅಗ್ಗದ ಪ್ಲೇಯರುಗಳು ಆ ಬೀಗವನ್ನು ಲೆಕ್ಕಿಸುತ್ತಿರಲಿಲ್ಲ.

ಅಷ್ಟರಲ್ಲಿ ತಂಡಗಳೇ ಬರತೊಡಗಿದವು. ಡೀಪ್ ಪರ್ಪಲ್ 2001ರಲ್ಲಿ, ಪಿಂಕ್ ಫ್ಲಾಯ್ಡ್ ತಂಡದ ಮಾಜಿ ಸದಸ್ಯ ರೋಜರ್ ವಾಟರ್ಸ್ 2002ರಲ್ಲಿ, ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲ್ 4ರಂದು ಬೆಂಗಳೂರಿನಲ್ಲಿ ಕಛೇರಿ ನಡೆಸಿದರು. ಬಂದವರೆಲ್ಲ ಹಿರಿಯರೇ ಆಗಿದ್ದುದು ಕಾಕತಾಳೀಯವಲ್ಲ. ಆರ್ಥಿಕ ಉದಾರೀಕರಣದ ನಂತರ ಪ್ರಾಯೋಜಕರೂ ವಿದೇಶಿ ವಿನಿಮಯವೂ ಸುಲಭವಾಗಿ ಸಿಕ್ಕವು, ಮಾಹಿತಿ ತಂತ್ರಜ್ಞಾನದ ಸಂಬಳದಿಂದ ಟಿಕೆಟ್ಟು ಕೊಳ್ಳುವ ಜನ ಬೆಳೆದರು, ಮತ್ತು ಆ ಜನ ಕೊಳ್ಳಲು ಸಿದ್ಧರಿದ್ದದ್ದು ತಾವು ಹದಿಹರೆಯದಲ್ಲಿ ಟೇಪಿನಲ್ಲಿ ನೋಡಿದ ಹೆಸರುಗಳನ್ನು. ಅರಮನೆ ಮೈದಾನ ಕೇವಲ ಇಂಗ್ಲಿಷ್ ಹಾಡಿನ ಆವರಣವಾಗಿ ಉಳಿಯಲಿಲ್ಲವೆಂಬುದನ್ನೂ ಗಮನಿಸಬೇಕು, 2005ರಲ್ಲಿ ಸಿ. ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ಇದೇ ಮೈದಾನವನ್ನು ಸುಗಮ ಸಂಗೀತಕ್ಕಾಗಿ ತುಂಬಿಸಿತು. ಅಶ್ವತ್ಥ್ ಕಂಠದಲ್ಲಿ ಮನೆಮನೆಗೆ ತಲುಪಿದ್ದ ಶಿಶುನಾಳ ಶರೀಫರ ಪದಗಳು 2008ರ ರಘು ದೀಕ್ಷಿತ್ ಆಲ್ಬಮ್ಮಿನಲ್ಲಿ ರಾಕ್ ಗಿಟಾರಿನ ಜೊತೆ ಕೇಳಿಬಂದಾಗ, ಎರಡು ಕೇಳುಗ ಸಮುದಾಯಗಳ ನಡುವಿನ ಗೋಡೆ ಹೊರಗಿನವರು ಊಹಿಸಿದಷ್ಟು ಎತ್ತರವಾಗಿರಲಿಲ್ಲವೆಂಬುದು ಸ್ಪಷ್ಟವಾಯಿತು.

ಐರನ್ ಮೇಡನ್ ಬೆಂಗಳೂರಿಗೆ ಬಂದದ್ದು 2007ರ ಮಾರ್ಚ್ 17ರಂದು. ಭಾರತದಲ್ಲಿ ಅದು ಆ ತಂಡದ ಮೊದಲ ಕಛೇರಿ. ವಿಡಿಯೊದಲ್ಲಿ ಹೆಸರು ಮಾಡಿದ ತಂಡವಾಗಿದ್ದರೂ ಆ ಪ್ರವಾಸದ ಪೂರ್ಣ ಕಛೇರಿಯೊಂದನ್ನು ಅದು ಮಾರುಕಟ್ಟೆಗೆ ಬಿಡಲಿಲ್ಲ. ಮರುವರ್ಷ ಲೆಕ್ಕಾಚಾರ ಬದಲಾಯಿತು. 2008ರ ಫೆಬ್ರುವರಿಯಲ್ಲಿ ‘ಲೈವ್ ಆಫ್ಟರ್ ಡೆತ್’ ಡಿವಿಡಿಯಾಗಿ ಮರುಬಿಡುಗಡೆಯಾಯಿತು, ಅದರೊಂದಿಗೇ ತಂಡವು 1980ರ ದಶಕದ ಹಾಡುಗಳನ್ನೇ ಮುಖ್ಯವಾಗಿಸಿ, ಆ ಹಳೆಯ ಈಜಿಪ್ಟ್ ವೇದಿಕೆಯನ್ನು ಮತ್ತೆ ಕಟ್ಟಿಕೊಂಡು, ಡಿಕಿನ್‌ಸನ್ ತಾವೇ ನಡೆಸುತ್ತಿದ್ದ ಬೋಯಿಂಗ್ 757 ವಿಮಾನದಲ್ಲಿ ಹೊರಟಿತು. ಪ್ರವಾಸ ಆರಂಭವಾದದ್ದು 2008ರ ಫೆಬ್ರುವರಿ 1ರಂದು ಮುಂಬೈಯಲ್ಲಿ. ಸ್ಯಾಮ್ ಡನ್ ಮತ್ತು ಸ್ಕಾಟ್ ಮೆಕ್‌ಫೇಡನ್ ಆ ಪ್ರವಾಸದ ಮೊದಲ ಹಂತದ 23 ಕಛೇರಿಗಳನ್ನು ಹಿಂಬಾಲಿಸಿ ತೆಗೆದ ‘ಫ್ಲೈಟ್ 666’ ಸಾಕ್ಷ್ಯಚಿತ್ರ 2009ರ ಏಪ್ರಿಲಿನಲ್ಲಿ ಚಿತ್ರಮಂದಿರಗಳಿಗೂ ಮೇ ತಿಂಗಳಲ್ಲಿ ಡಿವಿಡಿಯಾಗಿಯೂ ಬಂತು. ಒಂದೊಂದು ಹಾಡಿಗೆ ಒಂದೊಂದು ಊರಿನ ಚಿತ್ರಣವನ್ನಿಟ್ಟ ಅದರ ಎರಡನೆಯ ಡಿಸ್ಕು ತೆರೆದುಕೊಳ್ಳುವುದು ಮುಂಬೈಯಿಂದ. ತಂಡವನ್ನು ಮುಂಬೈಗಿಂತ ಮುಂಚೆ ಬರಮಾಡಿಕೊಂಡ ಬೆಂಗಳೂರಿಗೆ ಅದರಲ್ಲಿ ಸ್ಥಾನವಿಲ್ಲ.

ಆದರೆ 2009ರ ಫೆಬ್ರುವರಿ 15ರಂದು ಅದೇ ಪ್ರವಾಸದ ಮುಂದುವರಿದ ಭಾಗ ಅರಮನೆ ಮೈದಾನಕ್ಕೆ ಬಂದಾಗ ನಡೆದದ್ದು ಇನ್ನೊಂದು ಬಗೆಯಲ್ಲಿ ವಿಶಿಷ್ಟ. ಲಾಂಗ್ ಬೀಚಿನ ಟೇಪಿನಲ್ಲಿ ಜನ ನೋಡಿದ್ದ ಹಾಡುಗಳನ್ನೂ ದೃಶ್ಯವಿನ್ಯಾಸವನ್ನೂ ಸುಮಾರು ಕಾಲು ಶತಮಾನದ ನಂತರ ತಂಡವೇ ಅವರ ಊರಿನಲ್ಲಿ ಪುನರಭಿನಯಿಸಿತು. ವಿಡಿಯೊ ಕಛೇರಿಯ ನಕಲಾಗಿರುವ ಬದಲು ಕಛೇರಿಯೇ ವಿಡಿಯೊದ ನಕಲಾಯಿತು. ಇದನ್ನು ಹಳಹಳಿಕೆಯ ವ್ಯಾಪಾರವೆಂದು ತಳ್ಳಿಹಾಕುವ ವಿಮರ್ಶಕರಿದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಮೂಲವನ್ನು ಎಂದೂ ಕಾಣದ ಊರಿನಲ್ಲಿ ಅದನ್ನು ಹಳಹಳಿಕೆ ಎನ್ನುವುದು ಹೇಗೆ?

2011ರ ಅಕ್ಟೋಬರ್ 30ರಂದು ಮೆಟಾಲಿಕ ತಂಡ ಅರಮನೆ ಮೈದಾನಕ್ಕೆ ಬಂದಾಗ ಜನರ ಕೈಯಲ್ಲಿ ಕ್ಯಾಮರಾ ಫೋನುಗಳಿದ್ದವು, ಮನೆಗಳಿಗೆ ಬ್ರಾಡ್‌ಬ್ಯಾಂಡ್ ಬಂದಿತ್ತು. ಮಾರಾಟದ ವಿಡಿಯೊಗೆ ಕಾಯುವವರು ಉಳಿದಿರಲಿಲ್ಲ. ಪಯಣ ಎದುರು ದಿಕ್ಕಿಗೂ ಸಾಗಿತು: 1998ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕ್ರಿಪ್ಟೋಸ್ ಎಂಬ ಮೆಟಲ್ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯೆಂದು ಹೆಸರಾದ ಜಪಾನಿನ ಫುನಾಯಿ 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು.

ಲಾಂಗ್ ಬೀಚಿನ ಕಛೇರಿ ಇಂದು ಒಳ್ಳೆಯ ಪ್ರತಿಯಲ್ಲಿ ಎಲ್ಲೆಡೆ ದೊರೆಯುತ್ತದೆಯಾದ್ದರಿಂದ ನಾಲ್ಕನೆಯ ಕೈಯ ಹಳೆಯ ನಕಲು ಹಾಳಾದರೆ ನಷ್ಟವಿಲ್ಲ. ಸಂಶೋಧಕರು ಹುಡುಕಬೇಕಾದದ್ದು ಅದೇ ಪೆಟ್ಟಿಗೆಯಲ್ಲಿ ಅದರ ಪಕ್ಕದಲ್ಲಿರಬಹುದಾದ ಬೇರೊಂದು ಟೇಪನ್ನು: ಮದುವೆಯ ವಿಡಿಯೊ ತೆಗೆಯುವವರೇ ಅದೇ ಕ್ಯಾಮರಾ, ಅದೇ ಕಣ್ಣು ಕೋರೈಸುವ ದೀಪ ತಂದು ಚಿತ್ರೀಕರಿಸಿಕೊಟ್ಟ ಬಡಾವಣೆಯ ರಾಜ್ಯೋತ್ಸವದ ಆರ್ಕೆಸ್ಟ್ರಾ. ಕಾಂತೀಯ ಲೇಪನ ತೇವಕ್ಕೆ ಬೂಷ್ಟು ಹಿಡಿದು ಕಿತ್ತುಬರುವ ಆ ಟೇಪಿಗೆ ಅನೇಕ ವೇಳೆ ಎರಡನೆಯ ಪ್ರತಿಯೇ ಇರುವುದಿಲ್ಲ, ಅದರ ಹಕ್ಕುದಾರರಾರೆಂದು ಕೇಳುವವರೂ ಇಲ್ಲ, ಮತ್ತು ಅದನ್ನು ಡಿಜಿಟಲ್‌ಗೆ ಇಳಿಸಲು ಸರಿಯಾಗಿ ಓಡುವ ವಿಸಿಆರ್ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.